ಮೂರು ಮನೆಯ ಕುರಿಬೆನ್ನು

ತಾನು ಬಡವಳಲ್ಲ ಎನ್ನುವುದು ದಾರಿಮಾಳಿಗೆ ಗೊತ್ತಾದದ್ದು ಅಂಗಡಿಯಲ್ಲಿ, ಎಲ್ಲರ ಎದುರಿಗೆ.

ಹಿಟ್ಟಿನ ಚೀಲ ಆಗಲೇ ಅವಳ ತೋಳಲ್ಲಿತ್ತು. ಅದರ ಮೇಲೆ ಅಕ್ಕಿಯ ಪೊಟ್ಟಣ, ಮಗಳಿಗೆ ಹಾಲಿನ ಪುಡಿ. ಅಂಗಡಿಯವನು ಊಟದ ಕಾರ್ಡನ್ನು ಯಂತ್ರಕ್ಕೆ ಉಜ್ಜಿದ. ಮತ್ತೆ ಉಜ್ಜಿದ. ಅಂಗಿಗೆ ಒರೆಸಿಕೊಂಡು ಇನ್ನೊಂದು ಸಲ ಉಜ್ಜಿದ. ಆಮೇಲೆ ಗಲ್ಲಾ ಬಿಟ್ಟು ಈಚೆ ಬಂದು ಚೀಲವನ್ನು ಅವಳ ತೋಳಿನಿಂದ ಎತ್ತಿಕೊಂಡ. ಕೆಟ್ಟವನೇನಲ್ಲ. ಮೆಲ್ಲಗೇ ಎತ್ತಿಕೊಂಡ.

"ಕಾರ್ಡು ಸತ್ತೋಗದೆ ಕಣಕ್ಕ. ನೀನೀಗ ಬಡವಳಲ್ವಂತೆ. ಯಂತ್ರ ಹಂಗಂತದೆ."

ಸಾಲಿನ ಹಿಂದಿನಿಂದ ಒಬ್ಬ, ಹಂಗಾದ್ರೆ ನಮಗೆಲ್ಲ ಊಟ ಹಾಕ್ಸಬೇಕು ಎಂದ. ನಾಲ್ಕು ಜನ ನಕ್ಕರು. ದಾರಿಮಾ ತಿರುಗಿ ನೋಡಲಿಲ್ಲ. ಸಾಲಿನಲ್ಲಿ ಅವಳ ಹಿಂದೆ ಯಾವಾಗಲೂ ಒಂದು ಆಳಿನಷ್ಟು ಜಾಗ ಖಾಲಿ ಇರುತ್ತಿತ್ತು. ಅವಳ ಕೋಟು ಕರುಳಿನ ವಾಸನೆ ಹೊಡೆಯುತ್ತಿತ್ತು. ಬಸ್ಸಿನಲ್ಲೂ ಅಷ್ಟೇ, ಪಕ್ಕದ ಸೀಟು ಖಾಲಿ. ಎಷ್ಟು ಉಜ್ಜಿದರೂ ಹೋಗದ ವಾಸನೆ ಅದು. ಅವಳ ಕೆಲಸವೇ ಕರುಳು ತೊಳೆಯುವುದು.

ಉಲಾನ್‌ಬಾತರಿನ ಮಾಂಸದ ಮಾರುಕಟ್ಟೆಯ ಹಿಂಬದಿಯಲ್ಲಿ, ಬಯಲಿನಲ್ಲಿ, ಕಬ್ಬಿಣದ ಪೀಪಾಯಿ ಇಟ್ಟುಕೊಂಡು ತೊಳೆಯಬೇಕು. ಕುರಿಯ ಹೊಟ್ಟೆಯನ್ನು ಬಗೆದು, ಸಗಣಿ ಸುರಿದು, ಕರುಳನ್ನು ಬೆರಳಿಗೆ ಸುತ್ತಿ ಒಳಗನ್ನು ಹೊರಗೆ ಮಾಡಬೇಕು. ಸತ್ತ ಕುರಿಯ ಬಿಸಿ ಇರುವವರೆಗೆ ಕೈಗೆ ಸುಖ. ಆಮೇಲೆ ನೀರು. ಪೀಪಾಯಿಯ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಮೊಣಕೈಯಿಂದ ಒಡೆದು ಕೈ ಇಳಿಸಿದರೆ ಮೊದಲು ಉರಿ, ಆಮೇಲೆ ನೋವು, ಆಮೇಲೆ ಏನೂ ಇಲ್ಲ. ಏನೂ ಇಲ್ಲ ಅನ್ನಿಸಿದಾಗ ಕೈ ತೆಗೆದುಬಿಡಬೇಕು. ತೆಗೆಯದೆ ಬೆರಳು ಕಳೆದುಕೊಂಡವರು ಆ ಮಾರುಕಟ್ಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಕೆಲಸವೂ ದಿನಾ ಸಿಗುತ್ತಿರಲಿಲ್ಲ. ಸಿಗದ ದಿನ ಸಾಕಿದ್ದು ಆ ಕಾರ್ಡು. ಅವಳನ್ನೂ, ಆರು ವರ್ಷದ ಮಗಳು ಉರ್ನಾಳನ್ನೂ.

ಮನೆಗೆ ಬಂದರೆ ಅಲ್ಲೂ ಅದೇ ಸುದ್ದಿ. ಗುಡ್ಡದ ಮೇಲೆ, ಒಂದೇ ಹಲಗೆಬೇಲಿಯೊಳಗೆ ಮೂರು ಗುಡಾರಗಳು. ಒಂದು ದಾರಿಮಾಳದ್ದು. ಒಂದು ದಂಬಿ ಅಜ್ಜನದ್ದು. ಒಂಟಿ ಜೀವ, ಕಾಲು ಕೊಳೆಯುವ ಕಾಯಿಲೆ, ವಾರ್ಡಿನ ಆಸ್ಪತ್ರೆಯ ಸೂಜಿಯ ಮೇಲೆ ಬದುಕಿರುವವನು. ಇನ್ನೊಂದು ತುಯಾಳದ್ದು, ಎಳೇ ಬಾಣಂತಿ, ಗಂಡ ಗಣಿಗೆ ಹೋದವನು ತಿರುಗಿ ನೋಡಿಲ್ಲ. ಮೂವರೂ ಹುಲ್ಲುಗಾವಲಿನವರು. ಹಿಮ ಕಲ್ಲಾಗಿ, ನೆಲ ಕೆದಕಲಾಗದೆ ಕುರಿಗಳೆಲ್ಲ ನಿಂತಲ್ಲೇ ಸತ್ತ ವರ್ಷ ಗುಡಾರ ಮಡಚಿ ಪಟ್ಟಣಕ್ಕೆ ಬಂದವರು. ಮೂರು ಕಾರ್ಡೂ ಒಂದೇ ದಿನ ಸತ್ತಿದ್ದವು.

ಹೇಗೆ ಸತ್ತವು ಅಂದರೆ, ಅದನ್ನು ಹೇಳಲಿಕ್ಕೆ ನಾಚಿಕೆಯಾಗುತ್ತದೆ. ನಾಚಿಕೆ ಆಗಬೇಕಾದವರು ಬೇರೆ ಇದ್ದಾರೆ, ಆದರೂ ಆಗುತ್ತದೆ.

ಆಗತಾನೆ ಬಿಳಿ ತಿಂಗಳು ಹುಟ್ಟಿತ್ತು. ಹೊಸ ವರ್ಷದ ಆ ದಿನಗಳಲ್ಲಿ ಯಾವ ಮನೆಯೂ ಖಾಲಿ ತಟ್ಟೆ ತೋರಿಸುವುದಿಲ್ಲ. ವರ್ಷ ಹೇಗೆ ಶುರುವಾಯಿತೋ ಹಾಗೇ ನಡೆಯುತ್ತದೆ ಎಂದು ನಂಬಿದ ಜನ. ಬಂದವರ ಮುಂದೆ ಇಲ್ಲ ಎನ್ನುವ ಮಾತು ಆಡಿದರೆ ಹಸಿವನ್ನು ಹೆಸರು ಹಿಡಿದು ಕರೆದ ಹಾಗೆ. ಚಳಿಗಾಲ ಹೇಗೆ ಕಳೀತು ಅಂತ ಕೇಳಿದರೆ ಸುಖವಾಗಿ ಕಳೀತು ಅನ್ನಬೇಕು. ಹೆಣ ಎತ್ತಿದ ಮನೆಯವರೂ ಹಾಗೇ ಅನ್ನುತ್ತಾರೆ. ಮಣೆಯ ಮೇಲೆ ಉದ್ದನೆಯ ಕರಿದ ರೊಟ್ಟಿಗಳ ಗೋಪುರ ಇರಬೇಕು, ಅದರ ಪಕ್ಕದಲ್ಲಿ ಕೊಬ್ಬಿನ ಬಾಲದ ಸಮೇತ ಬೇಯಿಸಿದ ಇಡೀ ಕುರಿಬೆನ್ನು ಇರಬೇಕು.

ಇಡೀ ಕುರಿಬೆನ್ನು ಎಲ್ಲಿಂದ ತರುತ್ತಾರೆ? ದಂಬಿ ಅಜ್ಜ ತನ್ನ ಕುದುರೆಯ ಜೀನು ಮಾರಿದ. ಕುದುರೆ ಎಂದೋ ಸತ್ತಿತ್ತು, ಜೀನನ್ನು ಮಾತ್ರ ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದ. ದಾರಿಮಾ ಗುರುತಿನ ಕಟುಕನ ಹತ್ತಿರ ಚೌಕಾಸಿ ಮಾಡಿ ತಂದಳು. ತುಯಾ ಒಲೆ ಉರಿಸಿ ಬೇಯಿಸಿದಳು. ಮೂರು ಮನೆಗೆ ಒಂದೇ ಬೆನ್ನು. ನೆಂಟರು ಯಾವ ಗುಡಾರದ ಕಡೆ ಬರುತ್ತಾರೋ ಆ ಗುಡಾರಕ್ಕೆ ಅದು ಕಂಬಳಿಯಡಿ ಹಿಂದಿನಿಂದ ಓಡುತ್ತಿತ್ತು. ಉರ್ನಾ ಬೇಲಿಯ ಸಂದಿನಲ್ಲಿ ಕಾವಲು. ಅಜ್ಜ ಕುಂಟುತ್ತಾ ಓಡುವುದನ್ನು ನೋಡಿ ತುಯಾ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಗುಡ್ಡದ ನೆಂಟರಿಗೆ ಇದೆಲ್ಲ ಗೊತ್ತು. ಅವರು ಚೂರಿಯನ್ನು ಮಾಂಸಕ್ಕೆ ಮುಟ್ಟಿಸಿ, ಉಗುರಿನಷ್ಟು ಚೂರು ತೆಗೆದು, ತೃಪ್ತಿಯಾಯಿತು ಎಂದು ಏಳುತ್ತಿದ್ದರು. ಅವರ ಮನೆಗೆ ಇವರು ಹೋದಾಗಲೂ ಅಷ್ಟೇ.

ಮೂರನೆಯ ದಿನ ವಾರ್ಡಿನ ಮುಖ್ಯಸ್ಥ ಗಲ್ಸಾನ್ ಬಂದ. ಜೊತೆಯಲ್ಲಿ ಅನುಜಿನ್ ಎಂಬ ಎಳೆಯ ಹುಡುಗಿ, ಕೈಯಲ್ಲಿ ಹಲಗೆಯಂಥ ಗಾಜಿನ ಯಂತ್ರ. ಬಡತನ ಅಳೆಯಲು ಕಚೇರಿ ಕೊಟ್ಟದ್ದು. ಹಬ್ಬದ ದಿನ ಯಾರಾದರೂ ಅಳತೆಗೆ ಬರುತ್ತಾರೆಯೇ? ಬಂದರು. ಬಂದದ್ದೂ ನೆಂಟರ ಹಾಗೆ. ಗಲ್ಸಾನ್ ನೀಲಿ ರೇಷ್ಮೆಯ ಪಟ್ಟಿಯನ್ನು ಎರಡೂ ಕೈ ಮೇಲೆ ಹಿಡಿದು ವಂದಿಸಿದ, ನಶ್ಯದ ಬುಡ್ಡಿ ಕೊಟ್ಟು ತೆಗೆದುಕೊಂಡ, ದೊಡ್ಡವರು ಕೂರುವ ಮೇಲಿನ ಜಾಗದಲ್ಲಿ ಕುಳಿತ. ಚಳಿಗಾಲ ಹೇಗೆ ಕಳೀತು ಎಂದು ಕೇಳಿದ. ಸುಖವಾಗಿ ಕಳೀತು ಎಂದರು. ಮಾಂಸ ಸಾಕಷ್ಟು ಇದೆಯೋ ಎಂದ. ಬೇಕಾದಷ್ಟಿದೆ, ತಿನ್ನಿ ಎಂದರು. ಅಷ್ಟು ಹೊತ್ತೂ ಹುಡುಗಿಯ ಬೆರಳು ಗಾಜಿನ ಮೇಲೆ ಓಡಾಡುತ್ತಿತ್ತು.

ಮಿಕ್ಕದ್ದನ್ನು ಕಣ್ಣಳತೆಯಲ್ಲೇ ಬರೆದುಕೊಂಡರು. ದಾರಿಮಾಳದ್ದು ಐದು ಜಾಲರಿಗೋಡೆಯ ದೊಡ್ಡ ಗುಡಾರ. ಅತ್ತೆಯ ಕಾಲದ್ದು. ದೊಡ್ಡ ಗುಡಾರ ಎಂದರೆ ದೊಡ್ಡ ಚಳಿ, ಅದನ್ನು ಕಾಯಿಸಲು ಎರಡರಷ್ಟು ಕಲ್ಲಿದ್ದಲು. ಯಂತ್ರಕ್ಕೆ ಅದು ದೊಡ್ಡ ಆಸ್ತಿ. ಕೆಟ್ಟುಹೋದ ಟೀವಿಯ ಮೇಲೆ ಬುದ್ಧನ ದೀಪ ಇಟ್ಟಿದ್ದಳು. ಟೀವಿ ಇದೆ ಎಂದು ಯಂತ್ರಕ್ಕೆ ಬಿತ್ತು. ನೆಲಕ್ಕೆ ಹಲಗೆ ಇದೆ ಎಂದು ಬಿತ್ತು. ನಿನ್ನೆ ಏನು ಉಂಡೆ, ಮೊನ್ನೆ ಏನು ಉಂಡೆ ಎಂದು ಕೇಳುವ ಜಾಗವೇ ಅದರಲ್ಲಿ ಇರಲಿಲ್ಲ.

ಗಲ್ಸಾನ್ ಊರವರ ಹಾಗೆ ಉಗುರಿನಷ್ಟು ತೆಗೆಯಲಿಲ್ಲ. ದಂಬಿ ಅಜ್ಜನ ಮನೆಯಲ್ಲಿ ಬಾಲದ ಕೊಬ್ಬಿನಿಂದ ಅಂಗೈಯಷ್ಟು ಕೊಯ್ದು ತಿಂದ. ತುಯಾಳ ಮನೆಯಲ್ಲಿ ಇನ್ನಷ್ಟು ಕೊಯ್ದ. ದಾರಿಮಾಳ ಮನೆಯಲ್ಲಿ ಚೂರಿ ಎತ್ತಿದವನು ಒಂದು ಗಳಿಗೆ ನಿಲ್ಲಿಸಿದ. ತಾನೇ ಕೊಯ್ದ ಜಾಗ ಅಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಅವನು ದಾರಿಮಾಳ ಮುಖ ನೋಡಿದ.

"ಈ ಬೇಲಿಯೊಳಗಿನ ಕುರಿಗಳಿಗೆಲ್ಲ ಒಂದೇ ಕಡೆ ಗಾಯ ಆಗ್ತದಲ್ಲ," ಎಂದು ನಕ್ಕ. ಅದೇ ಗಾಯಕ್ಕೆ ಚೂರಿ ಇಳಿಸಿ ತಿಂದ.

ಎಲ್ಲರೂ ನಕ್ಕರು. ದಾರಿಮಾಳೂ ನಕ್ಕಳು. ದೊಡ್ಡ ಮನುಷ್ಯ, ಗೊತ್ತಾದರೂ ನಮ್ಮ ಮಾನ ಮುಚ್ಚಿದ ಎಂದುಕೊಂಡಳು. ಎಂಥಾ ಪೆದ್ದಿ.

ಕಾರ್ಡು ಸತ್ತ ಮೇಲೆ ಮೂವರೂ ಕಚೇರಿಗೆ ಅಲೆದರು. ಹೇಳಿದರು, ಮಾಂಸ ಒಂದೇ, ಹಬ್ಬದ ಮಾತು ಹಬ್ಬದ್ದು. ಅನುಜಿನ್ ತಲೆ ತಗ್ಗಿಸಿಕೊಂಡು, ನಂಗೂ ಗೊತ್ತು ಅಕ್ಕ, ನಮ್ಮಮ್ಮನೂ ಹಂಗೇ ಹೇಳ್ತಾಳೆ, ಆದ್ರೆ ಯಂತ್ರಕ್ಕೆ ಹಬ್ಬ ಗೊತ್ತಿಲ್ಲ ಎಂದಳು. ಬಡವರ ಸಂಖ್ಯೆ ಈ ಸಲ ಇಳಿಯಲೇಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಎಷ್ಟಕ್ಕೆ ಇಳಿಯಬೇಕು ಎಂಬುದೂ ಬಂದಿತ್ತು. ಕಾರ್ಡಿಗೆ ಹಣ ಕೊಡುವ ಹೊರದೇಶದವರು ವಸಂತದಲ್ಲಿ ನೋಡಲು ಬರುವವರಿದ್ದರು.

ಬಿಳಿ ತಿಂಗಳು ಕಳೆಯಿತು. ಹೆಸರಿಗೆ ವಸಂತ. ಆದರೆ ಕೊಲ್ಲುವ ಚಳಿ ಬರುವುದೇ ಆಗ. ಗುಡ್ಡದ ಮೇಲಿನ ಹೊಗೆ ಮಧ್ಯಾಹ್ನವೂ ಕರಗುತ್ತಿರಲಿಲ್ಲ. ಹಿಮದ ಮೇಲೆ ಕರಿ ಬೀಳುತ್ತಿತ್ತು. ಬೆಳಗ್ಗೆ ಎದ್ದವರು ಮೊದಲು ನೋಡುವುದು ಪಕ್ಕದ ಮನೆಯ ಹೊಗೆಕೊಳವೆಯನ್ನು. ಹೊಗೆ ಇದ್ದರೆ ಸರಿ. ಇಲ್ಲದಿದ್ದರೆ ಓಡಬೇಕು. ಮೇಲಿನ ಬೀದಿಯಲ್ಲಿ ಹಾಗೆ ಓಡಿದವರು ಚಳಿಗೆ ಸತ್ತ ಒಂದು ಇಡೀ ಸಂಸಾರವನ್ನು ಹೊದಿಕೆ ಸಮೇತ ಹೊತ್ತು ತಂದಿದ್ದರು.

ಆ ದಿನಗಳಲ್ಲಿ ಮೂರೂ ಮನೆಯವರನ್ನು ವಾರ್ಡಿನ ಸಭೆಗೆ ಕರೆಸಿದರು. ನೆರೆಯವರೇ ಕೂತು ಯಾರು ನಿಜವಾದ ಬಡವರು ಎಂದು ತೀರ್ಮಾನಿಸುವ ಸಭೆಯಂತೆ. ಗಲ್ಸಾನ್ ಬೆಚ್ಚಗಿನ ಕೋಣೆಯಲ್ಲಿ ಅಂಗಿಯ ಗುಂಡಿ ಬಿಚ್ಚಿಕೊಂಡು ಕೂತಿದ್ದ. ಗೋಡೆಯ ಉದ್ದಕ್ಕೂ ಗುಡ್ಡದ ಜನ.

"ಮೂರು ಮನೇಲೂ ಮಾಂಸ ಇದ್ದದ್ದು ನಿಜ," ಎಂದ. "ನೀವು ಒಂದೇ ಅಂತೀರಿ. ಒಪ್ಪಿದೆ. ಒಂದೇ ಅಂದ್ಮೇಲೆ ಒಬ್ಬರದ್ದು ತಾನೆ? ಯಾರ್ದು ಅಂತ ಹೇಳ್ಬಿಡಿ. ಅವರೊಬ್ಬರನ್ನ ತೆಗೀತೀನಿ. ಮಿಕ್ಕ ಎರಡು ಕಾರ್ಡಿಗೆ ಇವತ್ತೇ ಜೀವ ಬರ್ತದೆ."

ಷರತ್ತನ್ನು ಅನುಜಿನ್ ಓದಿ ಹೇಳಿದಳು. ಪಟ್ಟಿಯಿಂದ ತೆಗೆಸಿಕೊಂಡವರು ಸುಳ್ಳು ಹೇಳಿ ಅನ್ನ ತಿಂದವರು ಎಂದು ದಾಖಲಾಗುತ್ತದೆ. ಅವರಿಗೆ ಚಳಿಗಾಲದ ಕಲ್ಲಿದ್ದಲೂ ಇಲ್ಲ, ಆಸ್ಪತ್ರೆಯ ಔಷಧಿಯೂ ಇಲ್ಲ. ಮಿಕ್ಕ ಇಬ್ಬರು ಅದಕ್ಕೆ ಸಾಕ್ಷಿ ಎಂದು ಹೆಬ್ಬೆಟ್ಟು ಒತ್ತಬೇಕು.

ತುಯಾಳ ಕೂಸು ಬತ್ತಿದ ಮೊಲೆಯನ್ನು ಬಿಟ್ಟು ಬಿಟ್ಟು ಹಿಡಿಯುತ್ತಿತ್ತು.

"ನಂದು," ಎಂದ ದಂಬಿ ಅಜ್ಜ. "ಜೀನು ಮಾರಿ ತಂದದ್ದು ನಾನೆ. ಬರ್ಕಳಿ."

ತುಯಾ ಕಣ್ಣು ಮುಚ್ಚಿಕೊಂಡಳು. ಇಲ್ಲ ಎನ್ನಲಿಲ್ಲ. ಅವಳನ್ನು ಏನೂ ಅನ್ನುವ ಹಾಗಿಲ್ಲ. ದಾರಿಮಾಳ ಬಾಯಲ್ಲೂ ಇಲ್ಲ ಎನ್ನುವ ಮಾತು ಹುಟ್ಟಲಿಲ್ಲ. ಇರುವುದನ್ನು ಇದ್ದ ಹಾಗೇ ಹೇಳಬೇಕು: ಅವಳಿಗೆ ಹಿಟ್ಟಿನ ಚೀಲ ಕಂಡಿತು. ತೋಳಿಗೆ ಅದರ ಭಾರ ಬಂದ ಹಾಗಾಯಿತು. ಮುಂದೆ ತಳ್ಳಿದ ಮಸಿಯ ಡಬ್ಬಿಗೆ ಅವಳ ಹೆಬ್ಬೆಟ್ಟು ತಾನಾಗಿಯೇ ಇಳಿಯಿತು. ಅಜ್ಜನ ಕಾಲಿನ ವಿಷಯ ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡಳು.

ಗಲ್ಸಾನ್ ಖುಷಿಯಾದ. "ಹಿರೀಕರು ಅಂದ್ರೆ ಹಿಂಗಿರಬೇಕು," ಎಂದ. "ಅಜ್ಜಂಗೆ ಹೆಂಗೂ ಇನ್ನೆಷ್ಟು ಚಳಿಗಾಲ ಉಳಿದಾವೆ? ಪಾಪ, ಲೆಕ್ಕ ಸುಲಭ ಮಾಡ್ಕೊಟ್ಟ."

ಗೋಡೆಯ ಬದಿಯಿಂದ ಒಬ್ಬಿಬ್ಬರು ನಕ್ಕರು. ದಂಬಿ ಅಜ್ಜನೂ, ಗೌರವಕ್ಕೆ, ನಗಲು ನೋಡಿದ. ಆ ನಗು ನೋಡಿ ದಾರಿಮಾಳ ಮೈ ಹೊತ್ತಿಕೊಂಡಿತು. ಅವಳು ಹೆಬ್ಬೆಟ್ಟನ್ನು ತೆಗೆದು ಮೇಜಿನ ಹಸಿರು ಬಟ್ಟೆಗೆ ಒರೆಸಿದಳು. ಮಸಿ ಹೋಗುವವರೆಗೂ ಒರೆಸಿದಳು.

"ಅದು ಅಜ್ಜಂದಲ್ಲ. ಮೂವರ್ದು," ಎಂದಳು. "ನಿಮಗೂ ಗೊತ್ತಿತ್ತು. ಮೊದಲ ಮನೇಲಿ ಕೊಯ್ದ ಗಾಯಕ್ಕೇ ಮೂರನೇ ಮನೇಲಿ ಚೂರಿ ಹಾಕಿದ್ರಿ. ಗೊತ್ತಿದ್ದೂ ತಿಂದ್ರಿ. ನಾವು ಮೂವರೂ ಸೇರಿ ತಿಂದದ್ದಕ್ಕಿಂತ ನೀವೊಬ್ರೇ ಜಾಸ್ತಿ ತಿಂದ್ರಿ. ಸುಳ್ಳು ಹೇಳಿ ತಿಂದೋರು ಯಾರು ಅಂತ ಬರೀಬೇಕಾ? ಹಾಕಿ ನಿಮ್ಮ ಹೆಬ್ಬೆಟ್ಟು. ಆಮೇಲೆ ನಾನು ಹಾಕ್ತೀನಿ."

ಗಲ್ಸಾನ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನು ಅಂಗಿಯ ಗುಂಡಿ ಹಾಕಿಕೊಂಡು, ಹಾಗಾದರೆ ಮೂರು ಮನೆಯಲ್ಲೂ ಬಡವರಿಲ್ಲ, ಇದ್ದಲೂ ಔಷಧಿಯೂ ಮೂವರಿಗೂ ಇಲ್ಲ, ಮುಂದಿನ ಬೇಲಿಯವರನ್ನು ಕರೆಯಿರಿ ಎಂದ.

ಗುಡ್ಡ ಹತ್ತುವಾಗ ತುಯಾ ಅವಳ ಹಿಂದೆ ಹಿಂದೆ ಬೈಯುತ್ತಾ ಬಂದಳು. "ನಿನ್ನ ಬಾಯಿಗೆ ನನ್ನ ಕೂಸು ಸಾಯ್ಬೇಕೇನೆ? ಅಜ್ಜನೇ ಒಪ್ಪಿದ್ದ. ನೀನ್ಯಾವ ದೊಡ್ಡೋಳು?" ದಂಬಿ ಅಜ್ಜ ನಡುವೆ ನಡೆಯುತ್ತಿದ್ದ.

ಅಂದಿನಿಂದ ತುಯಾ ಮಾತು ಬಿಟ್ಟಳು. ದಾರಿಮಾ ಕರುಳಿನ ಚೂರೇನಾದರೂ ಸಿಕ್ಕರೆ ಅವಳ ಬಾಗಿಲಲ್ಲಿ ಇಟ್ಟು ಬರುತ್ತಿದ್ದಳು. ಚೂರು ಒಳಗೆ ಹೋಗುತ್ತಿತ್ತು, ಮಾತು ಹೊರಗೆ ಬರುತ್ತಿರಲಿಲ್ಲ.

ಒಂದು ಬೆಳಗ್ಗೆ ದಾರಿಮಾ ನೀರಿನ ಗಾಡಿ ಎಳೆಯಲು ಹೊರಬಂದಳು. ತುಯಾಳ ಹೊಗೆಕೊಳವೆಯಲ್ಲಿ ಹೊಗೆ ಇರಲಿಲ್ಲ. ಗಾಡಿಯನ್ನು ಅಲ್ಲೇ ಬಿಟ್ಟು ಓಡಿದಳು. ಬಾಗಿಲನ್ನು ಭುಜದಿಂದ ಗುದ್ದಿದಳು. ಒಳಗೆ ಹೊಗೆಯೂ ಇಲ್ಲ, ಬಿಸಿಯೂ ಇಲ್ಲ. ಗೋಡೆಯ ಒಳಮೈಗೆ ಬಿಳಿಯ ಮಂಜು ಹಿಡಿದಿತ್ತು. ಇದ್ದಬದ್ದ ಬಟ್ಟೆಯೆಲ್ಲ ಹೊದ್ದು ತುಯಾ ಕೂಸಿನ ಮೇಲೆ ಕವುಚಿ ಬಿದ್ದಿದ್ದಳು. ಬದುಕಿದ್ದಳು. ಕೂಸಿನ ತುಟಿ ನೀಲಿ.

"ಇದ್ದಲು ಮುಗೀತು ಅಕ್ಕ," ಎಂದಳು. ಅಷ್ಟೇ ಎಂದಳು.

ದಾರಿಮಾ ಕೂಸನ್ನು ತನ್ನ ಕೋಟಿನೊಳಗೆ, ಬರಿಮೈಗೆ ಒತ್ತಿಕೊಂಡು ಓಡಿಬಂದಳು. ಮಧ್ಯಾಹ್ನದ ಹೊತ್ತಿಗೆ ಅದು ಅತ್ತಿತು. ಆ ಅಳು ಕೇಳಿ ದಂಬಿ ಅಜ್ಜ ಬುದ್ಧನ ಮುಂದೆ ಬೋರಲು ಬಿದ್ದ.

ಮಾರನೆಯ ದಿನ ಅವರು ಎರಡು ಗುಡಾರಗಳನ್ನು ಕೆಡವಿದರು. ಚಳಿಯಲ್ಲಿ ಗುಡಾರ ಬಿಚ್ಚುವುದು ಹೆಣ ಬೀಳುವ ಕೆಲಸ. ಕುದುರೆಕೂದಲಿನ ಹಗ್ಗಗಳು ಮಂಜು ಹಿಡಿದು ಕಬ್ಬಿಣವಾಗಿದ್ದವು. ಗಂಟುಗಳನ್ನು ಹಲ್ಲಿನಲ್ಲಿ ಕಚ್ಚಿ ಬಿಸಿಯುಸಿರು ಊದಿ ಬಿಚ್ಚಿದರು. ತುಯಾಳ ತುಟಿಯ ಚರ್ಮ ಹಗ್ಗಕ್ಕೆ ಅಂಟಿ ಕಿತ್ತು ಬಂತು. ಉಣ್ಣೆಯ ಹೊದಿಕೆಗಳನ್ನು ಬೆನ್ನ ಮೇಲೆ ಹೊತ್ತು ತಂದು ದಾರಿಮಾಳ ಗುಡಾರದ ಮೇಲೆ ಒಂದರ ಮೇಲೊಂದು ಕಟ್ಟಿದರು. ನೆಲದ ಹಲಗೆಯ ಮೇಲೆ ಇನ್ನೊಂದು ಸುತ್ತು ಹಲಗೆ. ಇನ್ನು ಉರಿಯುವುದು ಒಂದೇ ಒಲೆ. ಮಿಕ್ಕಿದ್ದ ಇದ್ದಲು, ಒಣಸಗಣಿ, ಮುರಿದ ಬೇಲಿಯ ಹಲಗೆ, ಎಲ್ಲ ಆ ಒಂದಕ್ಕೇ. ಐದು ಜೀವ ಒಟ್ಟಿಗೆ ಮಲಗಿದವು. ಬೆಚ್ಚಗೆ ಮಲಗಿದವು ಎಂದು ಹೇಳಬಹುದು. ಹೊಟ್ಟೆಯ ಮಾತು ಬೇರೆ. ಅಜ್ಜನ ಕಾಲಿಗೆ ಸೂಜಿ ನಿಂತು, ಗುಡಾರದೊಳಗೆ ಇನ್ನೊಂದು ವಾಸನೆ ಶುರುವಾಗಿತ್ತು.

ಮೂರು ಇದ್ದಲ್ಲಿ ಒಂದೇ ಮನೆ ಆಗಿದೆ ಎಂಬ ಸುದ್ದಿ ಕಚೇರಿಗೆ ಮುಟ್ಟಿತು. ಗಲ್ಸಾನ್ ಅನುಜಿನ್‌ಳನ್ನು ಕರೆದುಕೊಂಡು ಒಂದು ಮಧ್ಯಾಹ್ನ ಬಂದ. ಈ ಸಲ ಹಬ್ಬ ಇರಲಿಲ್ಲ. ರೇಷ್ಮೆಯ ಪಟ್ಟಿಯೂ ಇರಲಿಲ್ಲ. ಅನುಜಿನ್ ಯಂತ್ರಕ್ಕೆ ಒತ್ತುತ್ತಾ ಹೋದಳು. ಗೋಡೆಗೆ ಮೂರು ಪದರ ಹೊದಿಕೆ. ನೆಲಕ್ಕೆ ಎರಡು ಸುತ್ತು ಹಲಗೆ. ಮೂರು ಒಲೆ. ಮೂರು ಬಣ್ಣದ ಪೆಟ್ಟಿಗೆ. ಯಂತ್ರ ಹೇಳಿದ್ದನ್ನು ಓದಿ ಅವಳ ಮುಖ ಬಿಳಿಚಿತು. ಗಲ್ಸಾನ್ ಬಗ್ಗಿ ನೋಡಿ ಚಪ್ಪಾಳೆ ತಟ್ಟಿದ. ಆ ಗುಡ್ಡಕ್ಕೆಲ್ಲ ಅನುಕೂಲಸ್ಥ ಮನೆ ಇದೇ ಆಗಿತ್ತು.

"ನೋಡಿದ್ರಾ? ಕೂಡಿ ಬಾಳಿದ್ರೆ ಬಡತನ ತಾನಾಗೇ ಹೋಯ್ತದೆ," ಎಂದ. ಹೊರದೇಶದವರು ಬಂದಾಗ ಈ ಮನೆಗೇ ಕರೆತರುವುದಾಗಿ ಹೇಳಿದ. ಎಲ್ಲರೂ ಒಲೆಯ ಸುತ್ತ ಕೂರಬೇಕು, ಒಂದು ಫೋಟೋ ತೆಗೆಯಬೇಕು, ಸ್ವಲ್ಪ ನಗಬೇಕು. ಆಮೇಲೆ ಮೇಲಿನ ಜಾಗದಲ್ಲಿ ಕೂತು ಚಹಾಕ್ಕೆ ಕೈ ಚಾಚಿದ.

ಬಂದವರಿಗೆ ಹಾಲು, ಉಪ್ಪು ಹಾಕಿದ ಚಹಾ ಕೊಡದ ಗುಡಾರವನ್ನು ಆ ದೇಶದಲ್ಲಿ ಯಾರೂ ಕಂಡಿಲ್ಲ. ಶತ್ರು ಬಂದರೂ ಮೊದಲು ಬಟ್ಟಲು, ಆಮೇಲೆ ಮಾತು. ದಾರಿಮಾ ಏಳಲಿಲ್ಲ. ಗಲ್ಸಾನನ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅವನೇ ಅದನ್ನು ತೊಡೆಯ ಮೇಲೆ ಇಟ್ಟುಕೊಂಡ. ತುಯಾ ಹೆದರಿ ಏಳಲು ಹೋದಳು. ದಂಬಿ ಅಜ್ಜ ಅವಳ ನಿಲುವಂಗಿಯ ಅಂಚು ಹಿಡಿದು ಕೂರಿಸಿದ.

"ಮನೆ ಅಳೆದ್ರಿ, ಪೆಟ್ಟಿಗೆ ಅಳೆದ್ರಿ," ಎಂದಳು ದಾರಿಮಾ. "ಊಟಾನೂ ಅಳ್ಕಂಡು ಹೋಗಿ. ನಾವು ಉಣ್ಣೋ ಹೊತ್ತಿನವರೆಗೆ ಕೂತ್ಕಳಿ. ನಾವು ಏನು ಉಣ್ತೀವೋ ಅದೇ ನಿಮಗೂ."

ಗಲ್ಸಾನ್ ಅನುಜಿನ್‌ಳ ಕಡೆ ನೋಡಿ ಕಣ್ಣು ಮಿಟುಕಿಸಿದ. ಆಯ್ತು, ಅದಕ್ಕೇನಂತೆ, ಈ ಮನೆಯ ಋಣ ಇನ್ನೂ ಇದೆ ಎಂದ. ದಾರಿಮಾ ಎದ್ದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಒಲೆಯಲ್ಲಿ ಸಗಣಿ ಬೂದಿಯಾಗುತ್ತಾ ಬಂತು. ಮೇಲಿನ ಬೆಳಕಿಂಡಿಯಲ್ಲಿ ಬಿಸಿಲು ಸರಿದು ಹೋಯಿತು. ಗಲ್ಸಾನ್ ಮೊದಲು ಜೋಕು ಹೇಳಿದ, ಆಮೇಲೆ ಫೋನು ನೋಡಿದ, ಆಮೇಲೆ ಅದನ್ನೂ ಜೇಬಿಗೆ ಹಾಕಿದ. ಅಜ್ಜನ ಕಾಲಿನ ವಾಸನೆಗೆ ಅನುಜಿನ್ ಮೂಗಿಗೆ ತೋಳು ಒತ್ತಿಕೊಂಡಳು. ಪಾತ್ರೆಯ ಕಡೆ ಯಾರೂ ಹೋಗಲಿಲ್ಲ. ಹಿಟ್ಟು ಯಾರೂ ಕಲಸಲಿಲ್ಲ. ಕೂಸು ಒಂದು ಸಲ ಅತ್ತು, ಅಳಲು ಶಕ್ತಿಯಿಲ್ಲದೆ ತಾನೇ ಸುಮ್ಮನಾಯಿತು. ಆ ಸದ್ದಿಲ್ಲದ ಹೊತ್ತಿನಲ್ಲಿ ಗಲ್ಸಾನನ ಹೊಟ್ಟೆ ಗುರ್ ಎಂದದ್ದು ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ.

ಅವನು ಉರ್ನಾಳನ್ನು ಹತ್ತಿರ ಕರೆದು ಕೆನ್ನೆ ಸವರಿದ. "ಏನ್ ಪುಟ್ಟಿ, ನಿಮ್ಮನೇಲಿ ಊಟ ಯಾವಾಗ?"

"ನಾಳೆ," ಎಂದಳು ಉರ್ನಾ.

ಗಲ್ಸಾನ್ ಟೊಪ್ಪಿ ಎತ್ತಿಕೊಂಡು ಎದ್ದು ನಿಂತ. ಅನುಜಿನ್ ಏಳಲಿಲ್ಲ. ಯಂತ್ರವನ್ನು ನೆಲದ ಮೇಲೆ ಮಗುಚಿಟ್ಟು ಕೂತೇ ಇದ್ದಳು. ಅವನು ಬಾಗಿಲ ಹತ್ತಿರ ಬಂದು, ದಾರಿ ಬಿಡವ್ವ ಎಂದ. ಎರಡನೇ ಸಲ ಹೇಳುವಾಗ ದನಿ ಸಣ್ಣದಾಗಿತ್ತು. ದಾರಿಮಾ ಕಾಲು ಚಾಚಿಕೊಂಡು ಅವನ ಮುಖ ನೋಡಿದಳು.

"ಕೂತ್ಕಳಿ ಸಾಹೇಬ್ರೆ. ಅಳತೆ ಇನ್ನೂ ಮುಗಿದಿಲ್ಲ."